ಹಬೀಬ್ ಸಾಹೇಬರು ಹೊಗಳಿದ ದಿನ

ಮಂಗಳವಾರದಿಂದ ಚಂದ್ರಾಮಪ್ಪನವರು ಊಟಕ್ಕೆ ಬಾಯಿ ತೆರೆಯಲಿಲ್ಲ. ಚಮಚ ತುಟಿಗೆ ತಾಗಿದರೆ ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಗುರುವಾರ ಬಂದ ಡಾಕ್ಟರು ಅವರ ಕೈಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ಎತ್ತಿದ ಹಾಗೆಯೇ ನಿಂತಿತು.

"ನಾಳೆ ಮಧ್ಯಾಹ್ನದೊಳಗೆ ಬಾಯಿಂದ ಏನಾದ್ರೂ ಹೋದ್ರೆ ಸರಿ. ಇಲ್ಲಾಂದ್ರೆ ನರ್ಸ್ ಕಳಿಸ್ತೀನಿ, ಮೂಗಿಗೆ ಟ್ಯೂಬ್ ಹಾಕ್ಲೇಬೇಕು," ಎಂದು ಮಗಳು ಪ್ರೇಮಕ್ಕನಿಗೆ ಹೇಳಿದರು. ಸ್ವಲ್ಪ ತಡೆದು, "ಕೈ ಕಟ್ಬೇಕಾಗುತ್ತೆ," ಅಂದರು.

ಆಸ್ಪತ್ರೆಯಲ್ಲಿದ್ದಾಗ ಚಂದ್ರಾಮಪ್ಪನವರು ಆ ಟ್ಯೂಬನ್ನು ಕಿತ್ತೆಸೆದಿದ್ದರಂತೆ. ಮತ್ತೆ ಹಾಕಿದರೆ ಮತ್ತೆ ಕಿತ್ತರಂತೆ. ಕೊನೆಗೆ ಎಡಗೈಯನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದರಂತೆ. ನಾನು ಅವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗಲೂ ಮಣಿಕಟ್ಟಿನ ಸುತ್ತ ಆ ಗುರುತು ಇತ್ತು. ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸ್ಯಾಪರ್ಸ್ ದಳದಲ್ಲಿ ರಸ್ತೆ, ಸೇತುವೆ ಕಟ್ಟಿದವರು. ಲಕ್ವ ಹೊಡೆದು ಬಲಭಾಗ ಬಿದ್ದು, ಮಾತು ಹೋದ ಮೇಲೆ ಅವರ ಮಾತು ಕೇಳುತ್ತಿದ್ದದ್ದು ಆ ಒಂದು ಕೈ ಮಾತ್ರ.

ಡಾಕ್ಟರನ್ನು ಕಳಿಸಿ ಬಂದ ಪ್ರೇಮಕ್ಕ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಾನು ಕೇಳಿಸದವಳಂತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

"ಆದಿಲಕ್ಷ್ಮಿ, ಅದನ್ನ ಇನ್ನೊಂದ್ಸಲ ನೋಡೋಕೆ ನನ್ನಿಂದ ಆಗಲ್ಲ ಕಣೆ. ನಾಳೆ ನಾನು ಆಫೀಸಿಗೆ ಹೋಗ್ಬಿಡ್ತೀನಿ. ನೀನು, ಅಂಕಲ್ಲು ಇರ್ತೀರಲ್ಲ."

ನಾನು ತಲೆಯಾಡಿಸಿದೆ. ಏಳನೇ ತರಗತಿಗೆ ಶಾಲೆ ಬಿಟ್ಟಾಗಿನಿಂದ ಬೇರೆಯವರ ಮನೆಯ ರೋಗಿಗಳ ಪಕ್ಕ ಕೂತವಳು ನಾನು. ಆ ಕೆಲಸದಲ್ಲಿ ಮಾತು ಹೆಚ್ಚು ಬೇಕಾಗುವುದಿಲ್ಲ.

ಅಂಕಲ್ಲು ಅಂದರೆ ಹಬೀಬ್ ಸಾಹೇಬರು. ಏರ್‌ಫೋರ್ಸಿನಲ್ಲಿ ವಾರಂಟ್ ಆಫೀಸರಾಗಿ ನಿವೃತ್ತರಾದವರು. ದಿನವೂ ಬೆಳಿಗ್ಗೆ ಶಿವಾಜಿನಗರದಿಂದ ಹಲಸೂರಿಗೆ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು. ಹೇಗಿದ್ದೀರಿ ಎಂದು ಕೇಳುವ ಪದ್ಧತಿ ಅವರಿಗಿರಲಿಲ್ಲ. ಬಾಗಿಲಿನಿಂದಲೇ ಬೈಗುಳ ಶುರು.

"ಕ್ಯಾ ರೇ ಚಂದ್ರಾಮ್, ಇನ್ನೂ ಎದ್ದಿಲ್ವಾ? ಅಲ್ಲಾಡದೆ ಇರೋದಕ್ಕೆಲ್ಲ ಸುಣ್ಣ ಹೊಡಿಯೋ ಜನ ನಿಮ್ಮೋರು. ಹಿಂಗೇ ಬಿದ್ದಿದ್ರೆ ನಾಳೆ ನಿಮ್ಮ ಸ್ಯಾಪರ್ಸ್ ಸೆಂಟರಿಂದ ಬಂದು, ಮರಕ್ಕೆ ಬಳಿಯೋ ಹಂಗೆ ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ ಬಳಿದು ಗೇಟ್ ಹತ್ರ ನಿಲ್ಲಿಸ್ತಾರೆ ನೋಡು!"

ಮೊದಲ ದಿನ ಅದನ್ನು ಕೇಳಿ ನಾನು ಗಂಜಿ ಬಟ್ಟಲು ಹಿಡಿದು ಹಿಂದೆ ಸರಿದಿದ್ದೆ. ಆದರೆ ಚಂದ್ರಾಮಪ್ಪನವರ ಕಣ್ಣು ಹೊಳೆಯಿತು. ತಿರುಗಿ ಬೈಯಲು ಬಾಯಿ ಒದ್ದಾಡಿತು. ಮಾತು ಬರಲಿಲ್ಲ, ಬಾಯಿ ಮಾತ್ರ ತೆರೆಯಿತು.

"ಏ ರಂಗ್ರೂಟ್, ನೋಡ್ತಾ ಏನ್ ನಿಂತಿದ್ದೀಯ? ಹಾಕು, ಹಾಕು!" ಎಂದು ಹಬೀಬ್ ಸಾಹೇಬರು ಪಿಸುಗುಟ್ಟಿದರು. ಹೊಸದಾಗಿ ಸೇರಿದ ಸಿಪಾಯಿಯನ್ನು ಹಾಗೆ ಕರೆಯುತ್ತಾರಂತೆ. ನಾನು ಚಮಚ ಹಾಕಿದೆ. ಚಂದ್ರಾಮಪ್ಪನವರು ಸಿಟ್ಟಿನಲ್ಲಿ ನುಂಗಿಬಿಟ್ಟರು.

ಅಂದಿನಿಂದ ಅದೇ ಕ್ರಮವಾಯಿತು. ಅವರು ಬೈಯುವುದು, ಇವರು ಕೆರಳುವುದು, ನಾನು ಉಣಿಸುವುದು. ಹತ್ತಿರದ ಸ್ಯಾಪರ್ಸ್ ಸೆಂಟರಿನ ಕಹಳೆ ಕೇಳಿದರೆ, "ನಿಮ್ಮ ಪೀಪಿ ಊದಿದ್ರಪ್ಪ, ಏಳು, ಕಲ್ಲು ಹೊರ್ಬೇಕು." ಮನೆಯ ಮೇಲೆ ವಿಮಾನ ಹಾದು ಇಳಿದರೆ, "ನೋಡ್ದ್ಯಾ? ನಾವು ಕೂತ್ಕೊಂಡು ಹೋಗೋರು. ನೀವು ನಡ್ಕೊಂಡು ಬನ್ನಿ, ಕಾಯ್ತಿರ್ತೀವಿ." ಮಾತು ಹೋಗುವ ಮೊದಲು ಇದಕ್ಕೆಲ್ಲ ಉತ್ತರ ಸಿಗುತ್ತಿತ್ತು. "ಮೋಡ ಕಂಡ್ರೆ ರಜಾ ಹಾಕೋ ಪಡೆ ನಿಮ್ದು. ಮಳೇಲಿ ಯುದ್ಧ ಬಂದ್ರೆ ಶತ್ರುಗೆ ನಾಳೆ ಬಾ ಅಂತೀರೇನೋ," ಎಂದು ಅಪ್ಪ ಕೇಳುತ್ತಿದ್ದರೆಂದು ಪ್ರೇಮಕ್ಕ ಹೇಳಿದ್ದಳು.

ದೊಡ್ಡ ಜಗಳವೆಂದರೆ ಒಂದು ಗುಂಡಿಯದು. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಯಾವುದೋ ವಾಯುನೆಲೆಯ ರನ್‌ವೇ ಮೇಲೆ ಬಾಂಬು ಬಿದ್ದಿತ್ತು. ಆ ಗುಂಡಿ ಮುಚ್ಚಿದ ಸ್ಯಾಪರ್‌ಗಳಲ್ಲಿ ಚಂದ್ರಾಮಪ್ಪನವರಿದ್ದರು. ವಿಮಾನ ಸಿದ್ಧ ಮಾಡಿಕೊಂಡು ಕಾಯುತ್ತಿದ್ದವರಲ್ಲಿ ಹಬೀಬ್ ಸಾಹೇಬರಿದ್ದರು. ಇಬ್ಬರ ಸ್ನೇಹ ಹುಟ್ಟಿದ್ದೇ ಆ ಗುಂಡಿಯ ಅಂಚಿನಲ್ಲಿ, ಬೇಗ ಮುಚ್ರೋ, ನೀನೇ ಬಂದು ಮುಚ್ಚೋ ಎಂದು ಕಿತ್ತಾಡಿಕೊಂಡು.

"ಗುಂಡಿ ಮುಚ್ಚಿ ಅಂದ್ರೆ ಗುಡ್ಡ ಕಟ್ಟಿದ್ರು! ನಮ್ಮ ಪೈಲಟ್ ಒಂಟೆ ಮೇಲೆ ಕೂತಂಗೆ ಹೋದ," ಎಂದು ಹಬೀಬ್ ಸಾಹೇಬರು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಗುಡ್ಡದ ಮಾತು ಬಂತೆಂದರೆ ಚಂದ್ರಾಮಪ್ಪನವರ ಎಡಗೈ ಹಾಸಿಗೆಯ ಮೇಲೆ ಚಪ್ಪಟೆಯಾಗಿ ಓಡಾಡುತ್ತಿತ್ತು. ಸಮ ಇತ್ತು, ಸಮ ಇತ್ತು.

ಮಂಗಳವಾರ ಗುಡ್ಡದ ಮಾತಿಗೂ ಕೈ ಏಳಲಿಲ್ಲ. ಅಂದು ಬೆಳಿಗ್ಗೆ ಹಾಸಿಗೆ ಒದ್ದೆಯಾಗಿ, ನಾನು ಅವರ ಬಟ್ಟೆ ಬಿಚ್ಚಿ ಒರೆಸುತ್ತಿರುವಾಗ ಪ್ರೇಮಕ್ಕ ಗೊತ್ತಿಲ್ಲದೆ ಒಳಗೆ ಬಂದುಬಿಟ್ಟಿದ್ದಳು. ಮಗಳನ್ನು ನೋಡಿ ಅವರು ಕಣ್ಣು ಮುಚ್ಚಿದರು. ಬಾಯಿ ಮುಚ್ಚಿದ್ದೂ ಆಗಲೇ.

ಶುಕ್ರವಾರ ಹಬೀಬ್ ಸಾಹೇಬರು ಬೇಗ ಬಂದರು. ಬಂದವರೇ ಶುರು ಮಾಡಿದರು. ಸುಣ್ಣ, ಪೀಪಿ, ಕಲ್ಲು, ಗುಡ್ಡ, ಎಲ್ಲವನ್ನೂ ಬೈದರು. ನಾನು ಕೇಳಿರದ ಹೊಸ ಬೈಗುಳಗಳನ್ನೂ ಬೈದರು. ಧ್ವನಿ ಏರಿ ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಚಂದ್ರಾಮಪ್ಪನವರು ಗೋಡೆ ನೋಡುತ್ತಲೇ ಇದ್ದರು. ತುಟಿ ಒಡೆದು ಬೆಳ್ಳಗಾಗಿತ್ತು. ಗಂಜಿ ತಣ್ಣಗಾಗಿ ಕೆನೆ ಕಟ್ಟಿತು. ಬಿಸಿ ಮಾಡಿ ತಂದೆ, ಅದೂ ತಣ್ಣಗಾಯಿತು.

ಬೈದು ಬೈದು ಹಬೀಬ್ ಸಾಹೇಬರಿಗೆ ಏದುಸಿರು ಬಂತು. ಸ್ಟೂಲಿನ ಮೇಲೆ ಕೂತು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಬೇರೆಯದೇ ದನಿಯಲ್ಲಿ ಹೇಳಿದರು:

"ಚಂದ್ರಾಮ್, ಆ ರನ್‌ವೇ ಸಮ ಇತ್ತು ಕಣೋ. ನೀರಿನ ಮೇಲೆ ಹೋದಂಗೆ ಹೋಯ್ತು ವಿಮಾನ. ಆಮೇಲೆ ನಾನು ಹೋಗಿ ಮೇಲೆಲ್ಲ ನಡೆದು ನೋಡ್ದೆ. ಎಲ್ಲಿ ಹಳೇದು, ಎಲ್ಲಿ ಹೊಸದು ಕಾಲಿಗೆ ಗೊತ್ತಾಗ್ಲಿಲ್ಲ. ಎರಡನೇ ಸಲ ಬಾಂಬ್ ಹಾಕೋಕೆ ಬಂದ್ರಲ್ಲ, ನಾವೆಲ್ಲ ಕಂದಕಕ್ಕೆ ಬಿದ್ವಿ. ನೀವು ಸಲಿಕೆ ಬಿಡ್ಲಿಲ್ಲ. ನೀವಿಲ್ದೆ ಇದ್ರೆ ನಮ್ದೆಲ್ಲ ಬರೀ ತಗಡು. ಇಷ್ಟು ವರ್ಷ ಹೇಳಿರ್ಲಿಲ್ಲ. ಸಲಾಂ ನಿಂಗೆ."

ಎದ್ದು ನಿಂತು ನೆಟ್ಟಗೆ ಸೆಲ್ಯೂಟ್ ಹೊಡೆದರು.

ಈಗ ಬಾಯಿ ತೆರೆಯುತ್ತಾರೆ ಎಂದು ನಾನು ಚಮಚ ಹಿಡಿದು ಬಗ್ಗಿದೆ. ಚಂದ್ರಾಮಪ್ಪನವರು ಮುಖ ತಿರುಗಿಸಿ ಗೆಳೆಯನನ್ನು ನೋಡಿದರು. ಆ ನೋಟದಲ್ಲಿ ಸಂತೋಷವಿರಲಿಲ್ಲ. ಅಂಥ ನೋಟವನ್ನು ನಾನು ಮೊದಲೊಮ್ಮೆ ಕಂಡಿದ್ದೆ. ರಾಮಮೂರ್ತಿ ನಗರದ ಒಂದು ಮನೆಯಲ್ಲಿ, ಜಗಳವಾಡಿಕೊಂಡಿದ್ದ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿದಾಗ ಹಾಸಿಗೆ ಹಿಡಿದಿದ್ದ ಮುದುಕಿ ಹೀಗೆಯೇ ನೋಡಿದ್ದಳು. ಅವರು ಕಳಿಸಿಕೊಡಲು ಬಂದವರೆಂದು ಅವಳಿಗೆ ತಿಳಿದಿತ್ತು.

ಚಂದ್ರಾಮಪ್ಪನವರ ಎಡಗೈ ಮೆಲ್ಲಗೆ ಎದ್ದು ಹಬೀಬ್ ಸಾಹೇಬರ ಕೈ ತಟ್ಟಿತು, ಸಾಕು, ಹೋಗಿ ಬಾ ಎನ್ನುವಂತೆ. ಕಣ್ಣಿನ ನೀರು ಕಿವಿಯ ಕಡೆ ಇಳಿಯಿತು. ಮತ್ತೆ ಗೋಡೆಗೆ ತಿರುಗಿದರು.

ಹಬೀಬ್ ಸಾಹೇಬರು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಮೆಟ್ಟಿಲ ಮೇಲೆ ಕೂತು ಟೋಪಿಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ನಾನು ಕಂಬ ಹಿಡಿದು ನಿಂತೆ. ಆಮೇಲೆ ಹೇಗೋ ಮಾತು ಬಂತು.

"ಸಾಹೇಬ್ರೇ, ಹೇಳಿದ್ದನ್ನ ವಾಪಸ್ ತಗೊಳ್ಳಿ."

"ಏನು?"

"ಹೊಗಳಿದ್ರಲ್ಲ, ಅದನ್ನ."

"ಅಲ್ಲಾನಾಣೆ ನಿಜ ಅದು, ಬೇಟಿ."

"ನಿಜ ಆದ್ರೂ ತಗೊಳ್ಳಿ. ನೀವು ಒಳ್ಳೆ ಮಾತಾಡಿದ್ರೆ, ಇನ್ನು ತಾನು ಉಳಿಯಲ್ಲ ಅಂತಾನೇ ಅವರು ಅನ್ಕೊಳ್ಳೋದು."

ಅವರು ನನ್ನನ್ನೇ ನೋಡಿದರು. "ರಂಗ್ರೂಟಿಗೆ ಬಾಯಿದೆ," ಅಂದರು. ಮುಖ ಒರೆಸಿಕೊಂಡು ಒಳಗೆ ಬಂದು ಮಂಚದ ಪಕ್ಕ ನಿಂತರು.

"ಏ ಚಂದ್ರಾಮ್, ತಮಾಷೆ ಮಾಡ್ದೆ ಕಣೋ. ನಿಮ್ಮ ಕೆಲಸ... ನಿಮ್ಮ ಆ ದರಿದ್ರ..." ಮುಂದೆ ಬರಲಿಲ್ಲ. ಕಿಟಕಿಗೆ ತಿರುಗಿ ನಿಂತುಬಿಟ್ಟರು.

ಅಷ್ಟರಲ್ಲಿ ಕೆಳಗೆ ಆಟೋ ನಿಂತ ಸದ್ದಾಯಿತು. ನರ್ಸ್ ಮಾರಿಯಾ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಏನಾದ್ರೂ ತಗೊಂಡ್ರಾ?" ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳಿಗೂ ಬೇಸರವಾಯಿತು. ಚೀಲದಿಂದ ಟ್ಯೂಬಿನ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು, ಪಕ್ಕದಲ್ಲಿ ಒಂದು ಸುರುಳಿ ಬ್ಯಾಂಡೇಜ್.

ಚಂದ್ರಾಮಪ್ಪನವರು ಬ್ಯಾಂಡೇಜ್ ನೋಡಿದರು. ಎಡಗೈ ಮೆಲ್ಲಗೆ ಸರಿದು ಕಂಬಳಿಯೊಳಗೆ ಅಡಗಿತು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸೈನ್ಯದ ಬೈಗುಳ ನನಗೆ ಒಂದೂ ಗೊತ್ತಿಲ್ಲ. ಕಣ್ಣಲ್ಲಿ ಕಂಡಿದ್ದಷ್ಟೇ ಗೊತ್ತು. ಅವರ ಕಿವಿಯ ಹತ್ತಿರ ಬಗ್ಗಿದೆ.

"ಸುಬೇದಾರ್ರೇ, ಏರ್‌ಫೋರ್ಸು ಮೆಟ್ಟಿಲ ಮೇಲೆ ಕೂತ್ಕೊಂಡು ಅಳ್ತಿತ್ತು. ಟೋಪೀಲಿ ಮೂಗು ಒರೆಸ್ಕೊಳ್ತಿತ್ತು. ನಾನೇ ನೋಡ್ದೆ."

ಮಾರಿಯಾ ಕೈ ತಡೆದು ನಿಂತಳು. ಚಂದ್ರಾಮಪ್ಪನವರ ತಲೆ ಗೋಡೆಯಿಂದ ಈಚೆಗೆ ತಿರುಗಿತು. ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಕಡೆ ನೋಡಿದರು.

"ಸುಳ್ಳು!" ಹಬೀಬ್ ಸಾಹೇಬರು ತಿರುಗಿದರು. ಕಣ್ಣು ಕೆಂಪಗಿತ್ತು. "ಧೂಳು ಬಿತ್ತು! ಹಲಸೂರಲ್ಲಿ ಯಾವಾಗ್ಲೂ ರಸ್ತೆ ಅಗೀತಾನೇ ಇರ್ತಾರೆ!"

"ಗೊಣ್ಣೆನೂ ಇತ್ತು," ಅಂದೆ.

ಚಂದ್ರಾಮಪ್ಪನವರ ಎಡಗೆನ್ನೆ ಮೇಲೆದ್ದಿತು. ಗಂಟಲಿನಿಂದ ಒಂದು ಸದ್ದು ಬಂತು, ಬಾಯಿ ಅಗಲವಾಯಿತು. ನಾನು ಚಮಚ ಹಾಕಿದೆ.

ಗಂಜಿ ಪೂರ್ತಿ ಒಳಗೆ ಹೋಗಲಿಲ್ಲ. ಬಾಯಿಯ ಬಲ ಮೂಲೆಯಿಂದ ಅರ್ಧ ಸೋರಿತು. ಆಮೇಲೆ ಕೆಮ್ಮು ಬಂತು. ಮುಖ ಕಪ್ಪಿಟ್ಟಿತು. ಮಾರಿಯಾ ಓಡಿಬಂದು ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು. ನಾನು ಅವರನ್ನು ಕೊಂದೇಬಿಟ್ಟೆ ಅಂದುಕೊಂಡೆ. ಹಬೀಬ್ ಸಾಹೇಬರ ತುಟಿ ಏನೋ ಪ್ರಾರ್ಥಿಸುತ್ತಿತ್ತು. ಕೆಮ್ಮು ನಿಂತಿತು. ಒಣಗಿದ ಆ ಕುತ್ತಿಗೆಯಲ್ಲಿ ಗಂಟಲಮಣಿ ಮೇಲೇರಿತು, ಅಲ್ಲೇ ತಡೆಯಿತು, ಇಳಿಯಿತು.

"ಹೋಯ್ತು," ಎಂದಳು ಮಾರಿಯಾ. "ಆದ್ರೆ ಒಂದು ಚಮಚಕ್ಕೆ ಡಾಕ್ಟ್ರು ಒಪ್ಪಲ್ಲ ಆದಿಲಕ್ಷ್ಮಿ, ಅರ್ಧ ಬಟ್ಟಲಾದ್ರೂ ಹೋಗ್ಲಿ. ನಾನು ಕಾಯ್ತೀನಿ."

ಎರಡನೇ ಚಮಚ ಹಿಡಿದೆ. ಅವರು ಬಾಯಿ ತೆರೆಯಲಿಲ್ಲ. ದಣಿದು ದಿಂಬಿಗೆ ಒರಗಿದ್ದರು. ಹಬೀಬ್ ಸಾಹೇಬರಿಗೆ ಬೈಗುಳ ಹೊರಡಲಿಲ್ಲ. ಮೇಜಿನ ಮೇಲಿನ ಪ್ಯಾಕೆಟ್ಟನ್ನು ನಾವೆಲ್ಲರೂ ನೋಡುತ್ತಿದ್ದೆವು.

ಆಗ ಕಂಬಳಿ ಅಲುಗಾಡಿತು. ಎಡಗೈ ಹೊರಗೆ ಬಂದು ನಡುಗುತ್ತ ನಡುಗುತ್ತ ಮುಖದವರೆಗೆ ಏರಿತು. ಇಲ್ಲದ ಟೋಪಿಯೊಂದರಲ್ಲಿ ಮೂಗು ಒರೆಸಿಕೊಂಡಿತು. ಚಂದ್ರಾಮಪ್ಪನವರು ಕಣ್ಣು ಮಿಟುಕಿಸದೆ ಹಬೀಬ್ ಸಾಹೇಬರನ್ನೇ ನೋಡುತ್ತಿದ್ದರು.

"ಏಯ್!" ಹಬೀಬ್ ಸಾಹೇಬರು ಸ್ಟೂಲು ಎಳೆದುಕೊಂಡು ಮುಖಕ್ಕೆ ಮುಖ ಕೊಟ್ಟು ಕೂತರು. "ನನ್ನನ್ನ ಆಡ್ಕೊಳ್ತೀಯಾ, ಮಣ್ಣು ಹೊರೋನೇ? ನಿಮ್ಮ ಸುಬೇದಾರಿಕೆ ಏನು, ನಿಮ್ಮ ಮೀಸೆ ಏನು, ಹಗ್ಗ ಕಟ್ಟೋಕೆ ಹತ್ತು ಜನ, ಬಿಚ್ಚೋಕೆ ಇಪ್ಪತ್ತು ಜನ..." ಧ್ವನಿ ಒಡೆದೇ ಇತ್ತು. ಆದರೂ ನಿಲ್ಲಿಸಲಿಲ್ಲ.

ಮಾರಿಯಾ ಪ್ಯಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಚಂದ್ರಾಮಪ್ಪನವರ ತುಟಿ ಒದ್ದಾಡತೊಡಗಿತು. ನಾನು ಚಮಚವನ್ನು ಹತ್ತಿರ ಹಿಡಿದು ಕಾದೆ. ಬಾಯಿ ತೆರೆದ ಕೂಡಲೇ ಹಾಕಿದೆ.