ಅಕ್ಕನ ಆಶೀರ್ವಾದದ ಕೆಳಗಿನ ನಂಬರು

ನನ್ನ ಮಗಳು ಸುನಿತಾ ಆರನೇ ತರಗತಿಯಲ್ಲಿದ್ದಾಗ ನನ್ನ ತಮ್ಮ ವಿಶ್ವಾರಾಧ್ಯ ಅವಳಿಗೊಂದು ಮಾತು ಕೊಟ್ಟಿದ್ದ. ಅವತ್ತು ಬಸ್ಸು ತಪ್ಪಿಸಿಕೊಂಡು ಅವಳು ನಮ್ಮೂರು ಕಿಣ್ಣಿ ಸುಲ್ತಾನದ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಇವನು ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬಂದವನು ಪಕ್ಕದಲ್ಲಿ ಕೂತು ಹೇಳಿದ: "ಅಳಬ್ಯಾಡ ಬೇ. ನೀ ನೌಕರಿಗಿ ಹೋಗೋ ಮೊದಲನೇ ದಿನ ನಾ ನನ್ನ ಕಾರಿನಾಗ ನಿನ್ನ ಕುರ್ಚಿ ತನಕ ಬಿಟ್ಟು ಬರ್ತೇನಿ." ಆಗ ಅವನ ಬಳಿ ಆ ಸೈಕಲ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಸುನಿತಾಳಿಗೆ ಯಡ್ರಾಮಿಯ ಸರಕಾರಿ ದವಾಖಾನೆಯಲ್ಲಿ ನರ್ಸ್ ಕೆಲಸದ ಆದೇಶ ಬಂತು. ಅಷ್ಟರಲ್ಲಿ ವಿಶ್ವಾರಾಧ್ಯನ ಮನೆಗೆ ಕಾರೂ ಬಂದಿತ್ತು. ಡೀಸೆಲ್ ಕಾರಲ್ಲ, ಕರೆಂಟಿನ ಕಾರು. ತಂದ ದಿನವೇ ಹಿಂದಿನ ಗಾಜಿಗೆ 'ಅಕ್ಕನ ಆಶೀರ್ವಾದ' ಎಂದು ದೊಡ್ಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದ. ನನಗೆ ನಾಚಿಕೆಯಾಗಿತ್ತು, ಒಳಗೊಳಗೆ ಖುಷಿಯೂ ಆಗಿತ್ತು.

ಆದೇಶದಲ್ಲಿ ಕೊನೆಯ ದಿನಾಂಕ ಬರೆದಿತ್ತು. ಅವತ್ತು ಸಂಜೆ ಐದರೊಳಗೆ ಹಾಜರಾಗದಿದ್ದರೆ ಕೆಲಸ ಇಲ್ಲ. ನಾಲ್ಕು ದಿನ ಮೊದಲೇ ಬಸ್ಸಿಗೆ ಹೋಗಿಬಿಡೋಣ ಎಂದೆ. ತಮ್ಮ ಕೇಳಲಿಲ್ಲ. "ನಂದು ಬಿತ್ತಗಿ ಮುಗೀಲಿ. ನಾ ಬರೂತನ ಯಾರೂ ಹೋಗಂಗಿಲ್ಲ. ಮಾತು ಕೊಟ್ಟೇನಿ" ಎಂದ. ಅವನ ಬಿತ್ತನೆ ಮುಗಿದದ್ದು ಆ ಕೊನೆಯ ದಿನದ ಹಿಂದಿನ ಸಂಜೆಗೆ.

ಬೆಳಿಗ್ಗೆ ಹನ್ನೊಂದಕ್ಕೆ ಮೂವರೂ ಹೊರಟೆವು. ಅಫಜಲಪುರದಲ್ಲಿ ಚಹಾ ಕುಡಿದು, ಭೀಮಾ ಸೇತುವೆ ದಾಟಿದೆವು. ಮುಂದೆ ರಸ್ತೆ ಕೆಲಸ ನಡೆದಿತ್ತು. ಪಕ್ಕದ ಕಚ್ಚಾ ದಾರಿಗೆ ಇಳಿಯುವಾಗ ಕಾರಿನ ಹೊಟ್ಟೆಗೆ ಕೆಳಗಿಂದ ಏನೋ ಧಡ್ ಎಂದು ಬಡಿಯಿತು.

"ಇಳಿದು ನೋಡೋ ತಮ್ಮಾ" ಎಂದೆ.

"ಕಲ್ಲು ಇರಬೇಕಕ್ಕಾ. ಓಡಾಕತ್ತದಲ್ಲ, ಏನು ನೋಡೂದು?"

ಓಡಿತು. ಹತ್ತು ಹನ್ನೆರಡು ಕಿಲೋಮೀಟರ್ ಓಡಿ, ಮುಂದಿನ ಪರದೆಯಲ್ಲಿ ಕೆಂಪು ದೀಪ ಹತ್ತಿಸಿಕೊಂಡು, ಮೆಲ್ಲಗಾಗಿ, ರಸ್ತೆಯ ಅಂಚಿಗೆ ಬಂದು ನಿಂತೇಬಿಟ್ಟಿತು. ಗಂಟೆ ಒಂದೂವರೆ. ಜೇವರ್ಗಿ ಇನ್ನೂ ಇಪ್ಪತ್ತು ಕಿಲೋಮೀಟರ್. ಅಲ್ಲಿಂದ ಯಡ್ರಾಮಿ ಮತ್ತೆ ಅದರ ಎರಡರಷ್ಟು.

ಡೀಸೆಲ್ ಗಾಡಿ ಕೆಟ್ಟರೆ ಕೆಮ್ಮುತ್ತದೆ, ಹೊಗೆ ಬಿಡುತ್ತದೆ, ಕೆಟ್ಟಿದೆ ಎಂದು ತಾನೇ ಹೇಳುತ್ತದೆ. ಇದು ಓಡುವಾಗಲೂ ಸದ್ದು ಮಾಡಿರಲಿಲ್ಲ, ನಿಂತ ಮೇಲೂ ಮಾಡಲಿಲ್ಲ. ಬಂದ್ ಆಗಿದೆಯೋ ಇನ್ನೂ ಚಾಲೂ ಇದೆಯೋ ನಮಗೆ ತಿಳಿಯಲಿಲ್ಲ. ವಿಶ್ವಾರಾಧ್ಯ ಗುಂಡಿ ಒತ್ತಿದ. ದೀಪ ಹೋದವು. ಮತ್ತೆ ಒತ್ತಿದ. ಬಂದವು. ನಾಲ್ಕೈದು ಸಲ ಒತ್ತಿದ ಮೇಲೆ, ಕಡೆಗೆ ಒತ್ತಿದ್ದು ಹಚ್ಚುವುದಕ್ಕೋ ಆರಿಸುವುದಕ್ಕೋ ಅವನಿಗೇ ನೆನಪಿರಲಿಲ್ಲ.

ಬೈಕಿನವನೊಬ್ಬ ನಿಂತು, ಬ್ಯಾಟರಿಯ ವೈರ್ ಬಿಚ್ಚಿ ಹಾಕಿ ನೋಡಿ ಎಂದ. ಇನ್ನೊಬ್ಬ, ಕಾದಿದೆ, ನೀರು ಹೊಡೆಯಿರಿ ಎಂದ. ಒಬ್ಬ ಮುದುಕ ಎಲ್ಲ ಕೇಳಿಸಿಕೊಂಡು, "ಡೀಸೆಲ್ ಮುಗದದ, ನೋಡ್ರಿ ಜರಾ" ಎಂದು ಹೇಳಿ ಹೋದ. ಸುನಿತಾ ಹಿಂದಿನ ಸೀಟಿನಲ್ಲಿ ಕಾಗದಪತ್ರದ ಫೈಲು ಎದೆಗೊತ್ತಿಕೊಂಡು ಗಡಿಯಾರ ನೋಡುತ್ತಿದ್ದಳು.

ಅಷ್ಟರಲ್ಲಿ ಕಬ್ಬಿನ ಹೊಲದ ಕಡೆಯಿಂದ ಟ್ರ್ಯಾಕ್ಟರ್ ಬಂತು. ಹೊಡೆಯುತ್ತಿದ್ದವನು ತಾನು ಕಲ್ಯಾಣಪ್ಪ, ಇಲ್ಲಿಯ ರೈತ ಎಂದ. ಕೇಳುವ ಮೊದಲೇ ಸರಪಳಿ ತೆಗೆದ.

"ಜೇವರ್ಗಿ ತನಕ ಎಳೀತೇನ್ರಿ. ನನ್ನ ಜೀಪ ಧಕ್ಕಾ ಹೊಡದ್ರೇನೇ ಚಾಲೂ ಆಗ್ತದ, ಹಂಗ ಇದೂನೂ ಆಗ್ತದ."

ವಿಶ್ವಾರಾಧ್ಯನ ಮುಖ ಅರಳಿತು. "ಅಷ್ಟೇ ಅಲ್ಲ ಕಲ್ಯಾಣಪ್ಪ. ಗಾಲಿ ತಿರುಗಿದ್ರ ಇದು ಚಾರ್ಜ್ ಆಗ್ತದಂತ. ಎಳಕೊಂಡು ಹೋಗೂದ್ರಾಗ ಬ್ಯಾಟರಿ ತುಂಬ್ತದ, ಮುಂದ ಯಡ್ರಾಮಿಗಿ ತಾನೇ ಓಡ್ತದ. ಸುನಿತಾ, ನೀ ಇಳೀಬ್ಯಾಡ. ಕುರ್ಚಿ ತನಕ ಅಂದೇನಿ, ಕುರ್ಚಿ ತನಕ."

"ಇಲ್ಲಂದ್ರ ನಮ್ಮ ದೊಡ್ಡಿಯೊಳಗ ನಿಲ್ಲಸ್ರಿ. ಕಣಕಿ ಬಣಮಿ ಬಾಜೂಕ ನೆಳ್ಳೂ ಅದ" ಎಂದ ಕಲ್ಯಾಣಪ್ಪ, ಒಣಮೇವಿನ ಬಣವೆಯ ಕಡೆ ಗೋಣು ಮಾಡಿ, ಕಾರಿನ ಮುಂಭಾಗದ ಕೆಳಗೆ ಕೈ ಹಾಕಿ ಕೊಂಡಿ ಹುಡುಕುತ್ತಾ.

"ಕೈ ತೆಗಿ, ಕಲ್ಯಾಣಪ್ಪ."

ಹೊಲದ ಬದುವಿನ ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹಾಕಿ ಮುಗಿಸಿ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಕೈಯಲ್ಲಿ ರಬ್ಬರಿನ ಗ್ಲೌಸ್, ತಲೆಯ ಮೇಲೆ ಹೆಲ್ಮೆಟ್.

"ನಮ್ಮ ಪವರ್‌ಮನ್ ನಜಮುನ್ನಿಸಾ ಅಕ್ಕ" ಎಂದು ಕಲ್ಯಾಣಪ್ಪ ನನಗೆ ಹೇಳಿದ. "ಲೈಟ್ ಹೋದ್ರ ಸಿಗಂಗಿಲ್ಲ, ಬ್ಯಾಡಾದಾಗ ಬರ್ತಾಳ."

"ನಿನ್ನ ಮೋಟರ್ ಈಗ ಚಾಲೂ ಮಾಡೇ ಬಂದೇನಿ, ಬಾಯಿ ಮುಚ್ಚು" ಎಂದಳು. ಆಮೇಲೆ ನನ್ನ ತಮ್ಮನ ಕಡೆ ತಿರುಗಿದಳು. "ಅಣ್ಣಾರ, ಒಂದು ಹೇಳ್ರಿ. ಗಾಡಿ ಬಂದ್ ಅದನೋ ಚಾಲೂ ಅದನೋ?"

ಅವನು ನನ್ನ ಮುಖ ನೋಡಿದ. ನಾನು ಸುನಿತಾಳ ಮುಖ ನೋಡಿದೆ.

"ಸಪ್ಪಳ ಇಲ್ಲ ಅಂದ್ರ ಬಂದ್ ಅಂತ ತಿಳೀಬ್ಯಾಡ್ರಿ. ತಂತೀನೂ ಸಪ್ಪಳ ಮಾಡಂಗಿಲ್ಲ. ಮೊದಲ ಮಗಳನ್ನ ಇಳಸ್ರಿ. ಎಡಗಡಿ ಬಾಗಲದಿಂದ, ರೋಡಿನ ಕಡಿಗಿ ಅಲ್ಲ."

ಸುನಿತಾ ಇಳಿದಳು. ನಜಮುನ್ನಿಸಾ ಹೇಳಿದಂತೆ ವಿಶ್ವಾರಾಧ್ಯ ಮಿನುಗುವ ದೀಪ ಹಾಕಿದ, ಗಾಡಿಯನ್ನು ಪಾರ್ಕಿಗೆ ತಂದ, ಹ್ಯಾಂಡ್‌ಬ್ರೇಕ್ ಎಳೆದ, ಪರದೆಯ ಮೇಲಿನ ಎಲ್ಲ ದೀಪ ಹೋಗುವವರೆಗೆ ನೋಡಿ ಬಂದ್ ಮಾಡಿದ. ಕೀಲಿ ಅವನ ಅಂಗಿಯ ಜೇಬಿನಲ್ಲೇ ಇತ್ತು. "ಅದನ್ನ ತಗೊಂಡು ದೂರ ಬರ್ರಿ. ಕೀಲಿ ಹತ್ರ ಇದ್ರ ಯಾರರ ಗುಂಡಿ ಒತ್ತಿದಾಗ ಮತ್ತ ಎದ್ದು ಕೂಡ್ತದ" ಎಂದಳು. ಕಲ್ಯಾಣಪ್ಪ ರಸ್ತೆಯ ಮೇಲೆ ದೊಡ್ಡ ಕಲ್ಲುಗಳನ್ನು ಇಡಲು ಹೋದ. ಅದನ್ನೂ ತಡೆದಳು. ಗಾಡಿ ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತವೆ, ಕತ್ತಲಾದ ಮೇಲೆ ಬೈಕಿನವರು ಬೀಳುತ್ತಾರೆ. ಡಿಕ್ಕಿಯಲ್ಲಿದ್ದ ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ ನಿಲ್ಲಿಸಿದೆವು.

ಇಷ್ಟಾದರೂ ನನ್ನ ತಮ್ಮನ ತಲೆಯಿಂದ ಸರಪಳಿ ಹೋಗಲಿಲ್ಲ.

"ಅಕ್ಕಾರ, ಗಾಲಿ ತಿರುಗಿದ್ರ ಕರೆಂಟ್ ಹುಟ್ಟೂದು ಖರೇ ಇಲ್ಲೋ?"

"ಖರೇ. ಸೈಕಲ್ಲಿನ ಡೈನಮೋ ಇದ್ದಂಗ."

"ಮತ್ತ ಎಳದ್ರ ಚಾರ್ಜ್ ಆಗ್ತದಲ್ಲ?"

"ಗಾಡಿ ಛಲೋ ಇದ್ದಾಗ ಆ ಕರೆಂಟ್ ಹಿಡದು ಬ್ಯಾಟರಿಗಿ ಹಾಕೋರು ಒಳಗ ಇರ್ತಾರ. ಈಗ ಕೆಟ್ಟದ. ನಳಾ ಬಿಟ್ಟೀರಿ, ಕೊಡ ಹಿಡಿಯೋರಿಲ್ಲ. ಆ ಕರೆಂಟ್ ಎಲ್ಲಿಗಿ ಹೋಗಬೇಕು? ಮೋಟರ್ ಸುಡಬಹುದು, ಬ್ಯಾರೆ ಏನರ ಸುಡಬಹುದು. ಇದನ್ನ ನಾಕೂ ಗಾಲಿ ಎತ್ತಿ ಲಾರಿ ಮ್ಯಾಲ ಹೇರಿಕೊಂಡು ಒಯ್ಯಬೇಕು."

"ನೀವು ಕಂಬದ ಮಂದಿ. ಕಾರಿನ ಸುದ್ದಿ ನಿಮಗ್ಯಾಂಗ ಗೊತ್ತು?"

"ಪೂರಾ ಗೊತ್ತಿಲ್ರಿ" ಎಂದಳು ಸಿಟ್ಟಾಗದೆ. "ಟ್ರೇನಿಂಗಿನಾಗ ಒಂದು ದಿನ ಹೇಳಿದ್ರು, ಅಷ್ಟೇ. ಅದಕ್ಕೇ ನನ್ನ ಮಾತೂ ಕೇಳಬ್ಯಾಡ್ರಿ, ಕಲ್ಯಾಣಪ್ಪನ ಮಾತೂ ಕೇಳಬ್ಯಾಡ್ರಿ. ಗಾಡಿ ಜೋಡಿ ಒಂದು ಪುಸ್ತಕ ಕೊಟ್ಟಿರ್ತಾರಲ್ಲ, ಅದನ್ನ ತೆಗೀರಿ."

ವಿಶ್ವಾರಾಧ್ಯ ನೆಲ ನೋಡಿದ. "ಅದು ಮನಿಯೊಳಗ ಅದ."

"ಮನಿಯೊಳಗ ಎಲ್ಲಿ?"

"ದೇವರ ಜಗಲಿ ಮ್ಯಾಲ. ಪೂಜಿ ಮಾಡಿ ಇಟ್ಟೇನಿ."

ಕಲ್ಯಾಣಪ್ಪ ಜೋರಾಗಿ ನಕ್ಕ. ಸುನಿತಾ ನಗಲಿಲ್ಲ. ಎರಡು ಗಂಟೆಯಾಗಿತ್ತು.

"ಹೋಗ್ಲಿ, ಕಂಪನಿಯೋರ ನಂಬರರ ಅದನೋ? ಗಾಜಿಗಿ ಅಂಟಿಸಿ ಕೊಟ್ಟಿರ್ತಾರ" ಎಂದಳು ನಜಮುನ್ನಿಸಾ.

ಗಾಜುಗಳನ್ನೆಲ್ಲ ನೋಡಿದೆವು. ಎಲ್ಲೂ ಇರಲಿಲ್ಲ. ಸುನಿತಾ ಹಿಂದಿನ ಗಾಜಿನ ಮುಂದೆ ನಿಂತು ನನ್ನ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. 'ಅಕ್ಕನ' ಎಂಬುದು ಸುಲಿದು ಬಂತು. 'ಆಶೀರ್ವಾದ'ದ ಅರ್ಧವೂ ಬಂತು. ಅದರ ಕೆಳಗೆ ಇನ್ನೊಂದು ಸಣ್ಣ ಸ್ಟಿಕ್ಕರ್, ಅದರ ಮೇಲೆ ಹಗಲೂ ರಾತ್ರಿ ನೆರವಿನ ನಂಬರು.

"ಯವ್ವಾ, ನಿನ್ನ ಆಶೀರ್ವಾದದ ಬುಡಕೇ ಇತ್ತು" ಎಂದಳು.

ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿದರು. ಎಲ್ಲಿದ್ದೀರಿ, ಯಾವ ದೀಪ ಹತ್ತಿದೆ, ಕೆಳಗೆ ಏನಾದರೂ ಬಡಿದಿತ್ತೇ ಎಂದು ಕೇಳಿದರು. ಕಲ್ಲು ಬಡಿದದ್ದನ್ನು ನಾನೇ ಹೇಳಿದೆ. ಆಗ ಅವರ ದನಿ ಬದಲಾಯಿತು. ಬ್ಯಾಟರಿ ಇರುವುದೇ ಗಾಡಿಯ ಹೊಟ್ಟೆಯ ಕೆಳಗೆ. ಎಳೆಯಬೇಡಿ, ತಳ್ಳಿ ಚಾಲೂ ಮಾಡಲು ನೋಡಬೇಡಿ, ಬಾನೆಟ್ ತೆರೆದರೆ ಕಾಣುವ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಮುಟ್ಟಬೇಡಿ, ದೂರ ನಿಲ್ಲಿ ಎಂದರು. ಹೊಗೆ ಕಂಡರೆ, ಸುಟ್ಟ ವಾಸನೆ ಬಂದರೆ, ಸುಸ್ ಎಂಬ ಸದ್ದು ಕೇಳಿದರೆ ಇನ್ನೂ ದೂರ ಓಡಿ 112ಕ್ಕೆ ಫೋನ್ ಮಾಡಿ, ನೀವೇ ಕೊಡದಲ್ಲಿ ನೀರು ತಂದು ಹಾಕಲು ಹೋಗಬೇಡಿ ಎಂದರು. ಹೇರಿಕೊಂಡು ಹೋಗುವ ಲಾರಿ ಕಲಬುರಗಿಯಿಂದ ಬರಲು ಎರಡು ತಾಸು ಬೇಕು.

"ಕಣಕಿ ಬಣಮಿ ಬಾಜೂಕ ನಿಲ್ಲಸಬೇಕಂತಿದ್ದಿ ನೋಡು" ಎಂದು ನಜಮುನ್ನಿಸಾ ಕಲ್ಯಾಣಪ್ಪನಿಗೆ ಹೇಳಿದಳು. ಅವನು ಸರಪಳಿ ಸುತ್ತಿಟ್ಟ.

ಎರಡು ತಾಸು. ವಿಶ್ವಾರಾಧ್ಯ ಬೆರಳು ಮಡಚಿ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. ಹೇಗೆ ಹಾಕಿದರೂ ಲಾರಿ ಕಾಯ್ದರೆ ಐದರೊಳಗೆ ಯಡ್ರಾಮಿ ಆಗುತ್ತಿರಲಿಲ್ಲ. ಸರಪಳಿಯ ಕಡೆ ಒಂದು ಸಲ ನೋಡಿದ. ಸುನಿತಾಳ ಕಡೆ ನೋಡಿದ. ಅಷ್ಟರಲ್ಲಿ ಜೇವರ್ಗಿ ಕಡೆಗೆ ಹೋಗುವ ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತಾ ಕಾಣಿಸಿತು. ಯಾರೂ ಹೇಳದೆ ಅವನೇ ಹೋಗಿ ಕೈ ಅಡ್ಡ ಮಾಡಿದ.

ಕಂಡಕ್ಟರ್ ಕಿಟಕಿಯಿಂದ ಇಣುಕಿ, "ಏನ್ರಿ, ಹೊಸಾ ಕಾರ ಬಿಟ್ಟು ಬಸ್ಸಿಗಿ ಬರಾಕತ್ತೀರಿ?" ಎಂದ.

"ನಮ್ಮ ಹುಡುಗಿ ಡ್ಯೂಟಿಗಿ ಹೊಂಟಾಳ. ಐದರೊಳಗ ಯಡ್ರಾಮಿ ಮುಟ್ಟಬೇಕು. ಜೇವರ್ಗಿಯೊಳಗ ಯಡ್ರಾಮಿ ಬಸ್ ತೋರಸ್ರಿ" ಎಂದ ನನ್ನ ತಮ್ಮ.

ನಾನೂ ಹತ್ತಲು ಹೋದೆ. ಸುನಿತಾ ಬಿಡಲಿಲ್ಲ. "ನೀ ಮಾಮನ ಹತ್ರ ಇರು ಯವ್ವಾ. ಇಲ್ಲಂದ್ರ ನಾ ಹೋದ ಕೂಡ್ಲೇ ಮತ್ತ ಸರಪಳಿ ಕಟ್ಟತಾನ." ಆಮೇಲೆ ಅವನಿಗೆ, "ಮಾಮಾ, ಲಾರಿ ಬರೂತನ ರೋಡಿಗಿ ಬರಬ್ಯಾಡ" ಎಂದು ಹೇಳಿ, ಕಂಡಕ್ಟರನಿಗೆ ಆಧಾರ ಕಾರ್ಡು ತೋರಿಸುತ್ತಾ ಒಳಗೆ ಹೋದಳು.

ನಾವು ಬೇವಿನ ಗಿಡದ ಕೆಳಗೆ ಕೂತೆವು. ನಜಮುನ್ನಿಸಾ ಇನ್ನೊಂದು ಕಂಬದ ಕೆಲಸಕ್ಕೆ ಹೋದಳು. ಹೋಗುವ ಮುನ್ನ ಗಾಡಿಯನ್ನು ದೂರದಿಂದಲೇ ಸುತ್ತು ಹಾಕಿ ಮೂಸಿ ನೋಡಿ, "ವಾಸನಿ ಇಲ್ಲ. ಆದ್ರೂ ಹತ್ರ ಹೋಗಬ್ಯಾಡ್ರಿ" ಎಂದಳು.

ಲಾರಿ ಬಂದಾಗ ನಾಲ್ಕೂಕಾಲು. ಅದರ ಬೆನ್ನು ಮಂಚದ ಹಾಗೆ ಸಪಾಟಾಗಿತ್ತು. ಅದರವನು ದಪ್ಪ ಗ್ಲೌಸ್ ಹಾಕಿಕೊಂಡು ಮೊದಲು ಗಾಡಿ ನಿಜವಾಗಿ ಬಂದ್ ಇದೆಯೇ ಎಂದು ನೋಡಿದ. ಆಮೇಲೆ ಕೆಳಗೆ ಟಾರ್ಚ್ ಬಿಟ್ಟ. ತವೆ ಜಜ್ಜಿದ ಹಾಗೆ ಒಂದು ಗುಳಿ. ಗಾಡಿಯಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಕೊಂಡಿ ಸಿಕ್ಕಿಸಿ, ಲಾರಿಯ ಬೆನ್ನು ಇಳಿಜಾರಾಗಿ ಬಗ್ಗಿಸಿ, ಮೆಲ್ಲಗೆ ಮೇಲಕ್ಕೆ ಸೆಳೆದು, ನಾಲ್ಕೂ ಗಾಲಿಗೆ ಪಟ್ಟಿ ಬಿಗಿದ.

"ಟ್ರ್ಯಾಕ್ಟರಿಗಿ ಕಟ್ಟಿ ಎಳದಿದ್ರ ಏನಾಗ್ತಿತ್ರಿ?" ವಿಶ್ವಾರಾಧ್ಯ ಕೇಳಿದ.

"ಏನೂ ಆಗದೇ ಇರಬಹುದಿತ್ತು. ಒಳಗ ಕೂತವರು ಇಳಿಯೂದ್ರಾಗ ಬೆಂಕೀನೂ ಹತ್ತಬಹುದಿತ್ತು. ಬಡದ ಬ್ಯಾಟರಿ ಏನು ಮಾಡ್ತದ ಅಂತ ನಾನೂ ಹೇಳಾಕ ಆಗಂಗಿಲ್ಲ" ಎಂದ ಅವನು. "ಗೊತ್ತಾಗವಲ್ದು ಅಂದಾಗ ಮುಟ್ಟಬಾರದು. ವರ್ಕ್‌ಶಾಪಿನಾಗೂ ಇದನ್ನ ಬಯಲಿನಾಗ ದೂರ ನಿಲ್ಲಸ್ತೇವಿ."

ಹಿಂದಿನ ಸೀಟಿನಲ್ಲಿ ನನ್ನ ಮಗಳನ್ನು ಕೂರಿಸಿ ಎಳೆಸಲು ಹೊರಟಿದ್ದ ನನ್ನ ತಮ್ಮ ಬಸ್ಸು ಹೋದ ದಾರಿಯ ಕಡೆ ತಿರುಗಿ ನೋಡಿದ. ನನ್ನ ಫೋನು ಬಡಿದುಕೊಂಡಿತು. ನಾಲ್ಕು ಮೂವತ್ತೈದು.

"ಯವ್ವಾ, ಸಹಿ ಹಾಕಿದೆ" ಎಂದಳು ಸುನಿತಾ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ರಸ್ತೆಗಳಲ್ಲೂ ಕರೆಂಟಿನ ಗಾಡಿ ಓಡತೊಡಗಿವೆ. ಅವು ಕೆಟ್ಟು ನಿಂತಾಗ ನಮಗೆ ಏನೂ ತೋಚುವುದಿಲ್ಲ, ಹಳೆಯ ಗಾಡಿಯ ಬುದ್ಧಿಯೇ ಮೊದಲು ಬರುತ್ತದೆ. ಅದು ತಪ್ಪಲ್ಲ. ಆದರೆ ಸರಪಳಿ ಹುಡುಕುವ ಮೊದಲು ನಂಬರು ಹುಡುಕಿ. ಇವತ್ತೇ ಆ ನಂಬರನ್ನು ಮನೆಯ ಎಲ್ಲರ ಫೋನಿಗೂ ಹಾಕಿ. ಪುಸ್ತಕವನ್ನು ಜಗಲಿಯಿಂದ ಇಳಿಸಿ ಗಾಡಿಯೊಳಗಿಡಿ, ಓದಲು ಬರುವವರಿಂದ ಒಂದು ಸಲ ಓದಿಸಿ ಕೇಳಿ. ಗಾಡಿ ನಿಂತರೆ ಮೊದಲು ಜನರನ್ನು ಇಳಿಸಿ, ಬಂದ್ ಮಾಡಿ, ದೂರ ನಿಲ್ಲಿ. ಎಳೆಯಬೇಡಿ, ಹೇರಿಸಿ ಕಳಿಸಿ. ಎಷ್ಟೇ ಅವಸರವಿರಲಿ, ಬಸ್ಸು ಇದೆ.

ವಿಶ್ವಾರಾಧ್ಯ ಕೊಟ್ಟ ಮಾತು ನಡೆಯಲಿಲ್ಲ. ಅವನ ಕಾರು ಲಾರಿಯ ಮೇಲೆ ಕಲಬುರಗಿಗೆ ಹೋಯಿತು, ಸುನಿತಾ ಬಸ್ಸಿನಲ್ಲಿ ಯಡ್ರಾಮಿಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.