ಎರಡು ಸಲ ಉಪ್ಪು ಬಿದ್ದ ಸಾರು

೧
ಎಲ್ಲಿಂದ ಶುರು ಮಾಡಲಿ? "ಅಜ್ಜಂಪುರದ ಈರುಳ್ಳಿ ಮಂಡಿಯ ಮೇಲೆ ಸೂರ್ಯ..." ಎಂದು ಬರೆದೆ. ಸೂರ್ಯನಿಗೇನು ಊಟ ಬೇಕೇ? ಹೊಡೆದುಹಾಕಿದೆ.

("ಗಾಡಿ ಸ್ಟಾರ್ಟ್ ಆಗಿ ಎಷ್ಟೊತ್ತಾಯ್ತು, ನೀವಿನ್ನೂ ಮೊದಲ್ನೇ ಸಾಲಲ್ಲೇ ಇದೀರಲ್ರೀ!" ಇದು ಯಶೋದಾ. ಕತೆಗೆ ಬರುವ ಮುಂಚೆಯೇ ಬೈಗುಳ.)

ಸರಿ, ಯಶೋದಾ. ಹಳೇ ಗೂಡ್ಸ್ ಟೆಂಪೋ ಗಾಡಿಯಲ್ಲಿ ಒಲೆ, ಸಿಂಕು, ಮಿಕ್ಸಿ ಕೂರಿಸಿಕೊಂಡು ಕಡೂರು, ತರೀಕೆರೆ, ಅಜ್ಜಂಪುರ ಸುತ್ತುತ್ತಾ ಅಡುಗೆ ಮಾಡಿ ಬಡಿಸುವವಳು. ಈ ಸುತ್ತಿನ ಮಣ್ಣಲ್ಲಿ ಬೆಳೆದದ್ದನ್ನೇ ಬೇಯಿಸಬೇಕೆಂಬುದು ಅವಳ ಹಟ: ಸಿಂಗಟಗೆರೆಯ ತೆಂಗು, ರಾಗಿ, ಹುರುಳಿ, ಲಕ್ಕವಳ್ಳಿಯ ಅಕ್ಕಿ, ಅಜ್ಜಂಪುರದ ಈರುಳ್ಳಿ. (ಉಪ್ಪು? ಉಪ್ಪು ಸಮುದ್ರದ್ದೇ. ಕಾಲೆಳೆಯಬೇಡಿ, ಅಲ್ಲಿಗೇ ಬರುತ್ತಿದ್ದೇನೆ.)

ಇವತ್ತು ಗಾಡಿ ಅಜ್ಜಂಪುರದ ಮಂಡಿಗೆ ಬಂದು ನಿಂತಿದೆ, ಅವಳಿಗೆ ಪರೀಕ್ಷೆ. ಮಂಡಿಯ ರೈತ ಸಂಘದ ಓಂಕಾರೇಶ್ ಉಂಡು ನೋಡಲು ಬರುತ್ತಾನೆ. ಒಪ್ಪಿದನೋ, ಈರುಳ್ಳಿ ಸುಗ್ಗಿ ಮುಗಿಯುವ ತನಕ ಇಡೀ ಮಂಡಿಯ ಮಧ್ಯಾಹ್ನದ ಊಟ ಇವಳದ್ದು. ಒಪ್ಪಲಿಲ್ಲವೋ, ಬೇರೆ ಊರಿನ ಕೇಟರಿಂಗ್‌ನವರ ಫ್ರೈಡ್ ರೈಸು.

೨
ಮೊದಲ ಕರಡು: ಯಶೋದಾ ಹುರುಳಿ ಸಾರಿಗೆ ಉಪ್ಪು ಸುರಿದು, "ಶಿವಾ" ಎಂದು ಮುಚ್ಚಳ ಮುಚ್ಚಿ, ಈರುಳ್ಳಿ ತರಲು ಓಡಿದಳು.

ಛೆ, ಚಪ್ಪೆ ಅನಿಸಿತು. ಅತ್ತೆ ಗುರುಶಾಂತಮ್ಮ ಗಾಡಿಯಲ್ಲೇ ಇದ್ದಾರೆ, ಅವರಿಗೊಂದು ಕೆಲಸ ಬೇಡವೇ? ಹೊಡೆದುಹಾಕಿದೆ.

೩
ಎರಡನೇ ಕರಡು: ಗುರುಶಾಂತಮ್ಮ ಮುಚ್ಚಳ ತೆಗೆದು, ಸಾರಿಗೆ ಉಪ್ಪು ಸುರಿದರು. ಚೆನ್ನಾಗಿದೆ ಅಂದುಕೊಂಡು ಕಾಫಿಗೆ ಎದ್ದೆ. ಅಷ್ಟರಲ್ಲಿ ಯಶೋದಾ ಈರುಳ್ಳಿ ಹೊತ್ತು ಬಂದಳು.

"ಸಾರಿಗೆ ಉಪ್ಪು ನಾನೇ ಹಾಕ್ದೆ ಕಣೇ."

"ಅಯ್ಯೋ ಅತ್ತೆ! ನಾನೂ ಹಾಕೇ ಹೋಗಿದ್ನಲ್ಲ!"

ಕಾಗದದ ಮೇಲೆ ಹೊಡೆದುಹಾಕಿದ ಉಪ್ಪು ಸಾರಿನಲ್ಲಿ ಹಾಗೇ ಉಳಿದುಬಿಟ್ಟಿತ್ತು.

೪
ರುಚಿ ನೋಡಿದರಾಯಿತಲ್ಲ ಅನ್ನುತ್ತೀರಿ. ಅಲ್ಲೇ ಇರುವುದು ತೊಡಕು. ಇವರದು ತಲೆಮಾರುಗಳಿಂದ ಮಠದ ದಾಸೋಹದಲ್ಲಿ ಸೌಟು ಹಿಡಿದ ಮನೆ. ಬಡಿಸುವ ಮುಂಚೆ ಅಡುಗೆಯವರು ನಾಲಿಗೆಗೆ ಹಚ್ಚುವ ಹಾಗಿಲ್ಲ. ಮೊದಲ ತಟ್ಟೆ ಕರೆಯದೆ ಬಂದವರಿಗೆ, ಆಮೇಲೆ ಉಳಿದವರಿಗೆ.

"ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೋಡು ತಾಯಿ, ಯಾರೂ ನೋಡಲ್ಲ," ಅಂದೆ.

"ಓದೋರು ನೋಡ್ತಾವ್ರಲ್ಲ!" ಅಂದಳು.

"ಹಾಗಾದರೆ ನಿನ್ನ ಉಪ್ಪಿಗೆ ಇನ್ನೊಂದು ಗೀಟು ಎಳೀತೀನಿ."

"ನೀವು ಗೀಟು ಎಳೆದೇ ಅಲ್ವೇನ್ರೀ ಈ ಗತಿ ಬಂದಿದ್ದು? ಸುಮ್ನೆ ಕೂತ್ಕಳಿ. ಕತೆ ನಿಮ್ದಿರಬೋದು, ಸಾರು ನಂದು."

೫
ಮುಂದಿನದನ್ನು ನಾನು ಬರೆಯಲಿಲ್ಲ, ಓಡಿ ಓಡಿ ಹಿಂಬಾಲಿಸಿದೆ ಅಷ್ಟೇ. ಗುರುಶಾಂತಮ್ಮ ಪಟಪಟನೆ ತೆಂಗಿನಕಾಯಿ ಒಡೆದರು. ಉಸಲಿಗೆಂದು ಉಪ್ಪಿಲ್ಲದೆ ಬೇಯಿಸಿಟ್ಟಿದ್ದ ಹುರುಳಿಯನ್ನೆಲ್ಲ ಯಶೋದಾ ಮಿಕ್ಸಿಗೆ ತುಂಬಿದಳು. ರುಬ್ಬಿದ ಕಾಯಿ ಸಾರಿಗೆ ಬಿತ್ತು, ರುಬ್ಬಿದ ಹುರುಳಿ ಬಿತ್ತು, ಬಿಸಿನೀರು ಬಿತ್ತು. "ಅತ್ತೆ, ಮುದ್ದೆಗೆ ಉಪ್ಪು ಬ್ಯಾಡ!" ಸಾರು ಉಕ್ಕಿ ಒಲೆ ಚುರ್ರೆಂದಿತು. ಸೌಟಿನಿಂದ ಅದು ಇಳಿಯುವ ಬಗೆ ನೋಡಿ ಇನ್ನೊಂದು ಚೊಂಬು ನೀರು ಸುರಿದಳು. ಅವಳಲ್ಲಿ ಭಯವೂ ಇತ್ತು, ಭಯಕ್ಕಿಂತ ಹೆಚ್ಚಾಗಿ ಖುಷಿಯಿತ್ತು. ಹಬ್ಬದ ದಿನ ಕೂಡ ಅವಳಿಗೆ ಇಷ್ಟು ಹುಮ್ಮಸ್ಸು ಬಂದಿರಲಿಲ್ಲ.

೬
ನಾನೂ ಸುಮ್ಮನಿರಲಾರದೆ ಮೂರು ಮುಕ್ತಾಯ ತಂದೆ.

ಅ) ಓಂಕಾರೇಶ್ ಬೆರಳು ಚೀಪುತ್ತಾನೆ. ಚಪ್ಪಾಳೆ.
ಆ) ಓಂಕಾರೇಶ್ ಥೂ ಅನ್ನುತ್ತಾನೆ. ಗಾಡಿ ವಾಪಸ್ಸು.
ಇ) ಒಲೆಯೇ ಆರಿಹೋಗುತ್ತದೆ. (ಇದು ಹೇಡಿ ಲೇಖಕರ ಕ್ಲೈಮ್ಯಾಕ್ಸ್.)

"ಮೂರೂ ನಿಮ್ಮವೇ ಆದ್ವಲ್ರೀ," ಅಂದಳು ಯಶೋದಾ, ತಿರುಗಿಯೂ ನೋಡದೆ. "ಈರುಳ್ಳಿ ಹೆಚ್ಕೊಡಿ."

ಹೆಚ್ಚಿದೆ. ಕಣ್ಣೀರು ಬಂತು. ಇದನ್ನು ಭಾವುಕತೆ ಎಂದು ಓದಬೇಡಿ.

೭
ಓಂಕಾರೇಶ್ ಬಂದೇ ಬಿಟ್ಟ. ಹಿಂದೆ ಹಮಾಲರು, ರೈತರು, ಇಡೀ ಮಂಡಿ.

"ಏನಕ್ಕಾ, ಬಡಿಸ್ತೀಯೋ ಇಲ್ವೋ? ಹೊಟ್ಟೆ ತಾಳ ಹಾಕ್ತಾ ಐತೆ."

ತಟ್ಟೆಗೆ ಕೈ ಹಾಕಿದವನನ್ನು ಗುರುಶಾಂತಮ್ಮ ತಡೆದರು. "ಇರಪ್ಪಾ, ಮೊದಲ್ನೇದು ನಿಂದಲ್ಲ. ಕರೀದೆ ಬಂದೋರ್ದು."

"ನಮ್ಮನ್ನೆಲ್ಲ ಕರೆದವ್ರು ನೀವೇ. ಇಲ್ಲಿ ಕರೀದೆ ಬಂದೋರು ಯಾರವ್ರೆ ಅಜ್ಜಿ?"

ಎಲ್ಲರೂ ಸುತ್ತಮುತ್ತ ನೋಡಿದರು. ಯಶೋದಾ ನೆಟ್ಟಗೆ ನನ್ನನ್ನು ನೋಡಿದಳು.

"ಬನ್ರೀ ಕತೆಗಾರ್ರೇ. ಹೇಳ್ದೆ ಕೇಳ್ದೆ ಅಡುಗೆಮನೆಗೆ ನುಗ್ಗಿ, ಸಾರಿಗೆ ಎರಡು ಸಲ ಉಪ್ಪು ಹಾಕ್ಸಿದೋರು ನೀವೇ ತಾನೇ? ಕೂತ್ಕಳಿ."

೮
ಈರುಳ್ಳಿ ಮೂಟೆಯ ಮೇಲೆ ಕೂತೆ. ತಟ್ಟೆಯಲ್ಲಿ ಬಿಸಿ ಮುದ್ದೆ, ಮೇಲೆ ಸಾರು. ಮಂಡಿಯ ತಕ್ಕಡಿಗಳೂ ನಿಂತಿವೆ. ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ಯಶೋದಾ ಸೌಟು ಎತ್ತಿ ಹಿಡಿದಿದ್ದಾಳೆ. ಮುದ್ದೆ ಮುರಿದೆ, ಅದ್ದಿದೆ, ನುಂಗಿದೆ.

"ಹೇಳ್ರೀ! ಉಪ್ಪು ಹೆಂಗೈತೆ?"

"ಒಂದು ತುತ್ತಿಗೆ ಹೇಗೆ ಹೇಳೋದು ತಾಯಿ? ಇನ್ನೊಂದು ಸೌಟು ಹಾಕು."

ಅವಳು ನಕ್ಕಳು. ಓಂಕಾರೇಶ್ ತನ್ನ ತಟ್ಟೆ ಚಾಚಿದ, ಸಾರು ಬಿತ್ತು, ತುತ್ತು ಬಾಯಿಗಿಟ್ಟ, ಏನೋ ಅಂದ. ಏನೆಂದು ಬರೆದೇನು? ಬಲಗೈ ತುಂಬ ಮುದ್ದೆ, ಪೆನ್ನು ಹಿಡಿಯುವ ಹಾಗಿಲ್ಲ, ಮತ್ತೆ ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿದೆ.