ಕಣ್ಣಳತೆಯ ಫ್ರಾಕು

ಮೊಮ್ಮಗಳ ಫ್ರಾಕು ಈ ಸಲವೂ ಬಿಗಿಯಾಯಿತು. ಅದು ಕಂಕುಳಲ್ಲಿ ಬಿಗಿಹಿಡಿದದ್ದಕ್ಕೆ ಮಗು ಹೋ ಎಂದು ಅತ್ತಿತು.

"ಅಯ್ಯೋ, ಬಿಚ್ಚೇ ಮಾರಾಯ್ತಿ, ಬಿಚ್ಚು!" ದರ್ಜಿಯಮ್ಮ ಹೊಲಿಗೆ ಕೋಣೆಯ ಹೊಸ್ತಿಲಿನಿಂದಲೇ ಸೊಸೆಗೆ ಕೂಗಿದಳು. ಇಡೀ ಬೀದಿಗೆ ಬಟ್ಟೆ ಹೊಲಿದು ಸೈ ಎನ್ನಿಸಿಕೊಂಡವಳಿಗೆ ಗೇಣುದ್ದದ ಫ್ರಾಕು ಕೂರಿಸಲಾಗುತ್ತಿಲ್ಲವಲ್ಲ! ಟೇಪು ಹಿಡಿದು ಅಳೆದಿದ್ದರೆ ತಾನೆ ಕೂರುವುದು?

ತನಗೆ ಕ್ಷಯ ಎಂದು ಗೊತ್ತಾದಾಗ ಡಾಕ್ಟರು, "ಸದ್ಯಕ್ಕೆ ಮಗುವಿನಿಂದ ದೂರ ಇರಿ" ಎಂದಿದ್ದರು. ಇದ್ದಳು. ತಟ್ಟೆ ಬೇರೆ, ಹಾಸಿಗೆ ಬೇರೆ. ಕೆಮ್ಮು ಹೋಯಿತು, ಮೈ ತುಂಬಿಕೊಂಡಿತು, ಅಂಬೆಗಾಲಿಡುತ್ತಿದ್ದ ಮಗು ನಡೆಯತೊಡಗಿತು. ಇನ್ನು ಎತ್ತಿಕೊಳ್ಳಬಹುದೋ, ಬಾರದೋ? ಅಷ್ಟು ದೊಡ್ಡ ಡಾಕ್ಟರನ್ನು ಕೇಳುವುದು ಹೇಗೆ? ಕೇಳದೆ ಮುಟ್ಟಿ ಮಗುವಿಗೇನಾದರೂ ಆದರೆ? ಯೋಚಿಸಿ ಯೋಚಿಸಿ ತಲೆ ಮೊಸರುಗಡಿಗೆಯಾಗಿತ್ತು.

ಮಾತ್ರೆ ತರಲು ಹೋದಾಗ ಆಸ್ಪತ್ರೆಯ ನರ್ಸಮ್ಮ ಮಾಮೂಲಿನಂತೆ, "ಹೇಗಿದ್ದೀರಮ್ಮ?" ಎಂದಳು. ದರ್ಜಿಯಮ್ಮ ಫ್ರಾಕಿನ ಕಥೆ ತೆಗೆದಳು: ಕಣ್ಣಳತೆ, ಮಗುವಿನ ಅಳು, ಹೊಸ್ತಿಲು, ಎಲ್ಲ. ನಗುತ್ತ ಕೇಳುತ್ತಿದ್ದ ನರ್ಸಮ್ಮನ ಮುಖ ಸಪ್ಪಗಾಯಿತು.

"ಇನ್ನೂ ದೂರ ಇದ್ದೀರಾ? ಕಫದ ಪರೀಕ್ಷೆ ಸರಿಬಂದು ಎಷ್ಟು ಕಾಲ ಆಯ್ತು! ಈಗ ನಿಮ್ಮಿಂದ ಯಾರಿಗೂ ಅಂಟಲ್ಲ. ಮಾತ್ರೆ ಒಂದು ನಿಲ್ಲಿಸ್ಬೇಡಿ."

"ದೂರ ಇರಿ ಅಂದ್ರಿ. ಇನ್ನು ಸಾಕು ಅಂತ ಯಾರೂ ಹೇಳ್ಲಿಲ್ವಲ್ಲ ತಾಯಿ."

ಸಂಜೆ ನರ್ಸಮ್ಮ ತಾನೇ ದರ್ಜಿಯಮ್ಮನ ಮನೆಗೆ ಬಂದು, ಇನ್ನು ದೂರ ಇರಬೇಕಿಲ್ಲ ಎಂದು ಸೊಸೆಗೂ ಹೇಳಿದಳು.

"ನಿಮ್ಮನ್ನ ದೂರ ಇಡೋಕೆ ನನಗೇನು ಇಷ್ಟಾನಾ ಅತ್ತೆ?" ಎಂದಳು ಸೊಸೆ. "ಮಗೂನ ಎತ್ಕೊಂಡು ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋಗಿದೀನಿ. ಭಯ." ನರ್ಸಮ್ಮನತ್ತ ತಿರುಗಿದಳು. "ಒಟ್ಟಿಗೆ ಊಟ ಮಾಡ್ಬಹುದಾ?"

"ಮಾಡಿ."

"ಅಜ್ಜಿ ಹತ್ರ ಮಲಗಿದ್ರೆ?"

"ಮಲಗ್ಲಿ. ಇದನ್ನೆಲ್ಲ ನಾವೇ ಬಿಡಿಸಿ ಹೇಳ್ಬೇಕಿತ್ತು. ತಪ್ಪು ನಮ್ಮದು."

ಸೊಸೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. ದರ್ಜಿಯಮ್ಮನಿಗೆ ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಕೊನೆಗೆ ಕೊರಳಲ್ಲಿದ್ದ ಟೇಪು ತೆಗೆದು ಮಗುವಿನ ಎದೆಯ ಸುತ್ತ ತಂದಳು. ಮಗು ಅದರ ತುದಿಯನ್ನು ಬಾಯಿಗೆ ಹಾಕಿಕೊಂಡಿತು.

"ಆಸ್ಪತ್ರೆಗೆ ಇದೇ ಕಾಯಿಲೆಯ ಹೊಸಬರು ಬರ್ತಾರಮ್ಮ," ಎಂದಳು ನರ್ಸಮ್ಮ. "ಈ ಫ್ರಾಕಿನ ಕಥೆ ಅವರಿಗೂ ಹೇಳ್ತೀರಾ?"

"ಹೇಳ್ತೀನಿ. ಮೊದಲು ಇವಳ ಅಳತೆ ಮುಗೀಲಿ."

"ಎಷ್ಟು ಬಂತು ಅತ್ತೆ?"

"ತಡಿಯೇ, ಮರೆತೇ ಹೋಯ್ತು," ಎಂದು ದರ್ಜಿಯಮ್ಮ ಕಣ್ಣೊರೆಸಿಕೊಂಡು, ಮಗುವನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡು, ಮತ್ತೆ ಮೊದಲಿನಿಂದ ಅಳೆಯತೊಡಗಿದಳು.